ಬೀಗದಕೈ ಕೊಡುವವಳು

ನಮ್ಮೂರಲ್ಲಿ ನೋಡುವಂಥದ್ದು ಏನೂ ಇಲ್ಲ.
ಚರ್ಚಿನ ಗೋಪುರ ಗಾಳಿಗೆ ಒಂದು ಕಡೆ ವಾಲಿದೆ,
ಬ್ಯಾಂಕು ಮುಚ್ಚಿ ಒಂಬತ್ತು ವರ್ಷ,
ಮೀನಿನ ಕಾರ್ಖಾನೆಯನ್ನು ಮೂಗೇ ಹುಡುಕಿಕೊಡುತ್ತದೆ.
ಐಸ್‌ಲ್ಯಾಂಡು ಸುತ್ತಲು ಬಂದವರು ಪೆಟ್ರೋಲು ಹಾಕಿಸಿ
ಹಿಮನದಿ ಎಲ್ಲಿ ಎಂದು ಕೇಳಿ ಹೊರಡುತ್ತಾರೆ.
ನಾನು ಕೇಳುವುದು ಒಂದೇ: ಟವೆಲ್ ಇದೆಯಾ?
ಇದ್ದರೆ ಈಜುಮನೆಗೆ ಬನ್ನಿ.

ಬೂದು ಕಾಂಕ್ರೀಟಿನ ಪೆಟ್ಟಿಗೆ. ತಗಡಿನ ಸೂರಿಗೆ
ಕೆಂಪು ಬಳಿಯುತ್ತಿದ್ದವರು ಬಣ್ಣ ಮುಗಿದಲ್ಲಿಗೆ ನಿಲ್ಲಿಸಿದ್ದಾರೆ.
ಹಿಂದೆ, ನೆಲದೊಳಗಿಂದಲೇ ಕುದಿದು ಬರುವ ನೀರು.
ಗಂಧಕದ ನಾತಕ್ಕೆ ಹೊಸಬರು ಮೂಗು ಮುಚ್ಚುತ್ತಾರೆ;
ನಮಗೆ ಅದು ಬಾರದ ದಿನ ಗಾಬರಿ.

ಶೋಕಿಗೆ ಕಟ್ಟಿದ್ದಲ್ಲ ಇದು.
ಒಂದು ಮಾರ್ಚಿನಲ್ಲಿ, ದಡದಿಂದ ಕೂಗಳತೆಯಲ್ಲಿ, ದೋಣಿ ಮಗುಚಿತು.
ಏಳು ಗಂಡಸರು. ಸಮುದ್ರದ ಮೇಲೇ ಬೆಳೆದವರು.
ಒಬ್ಬನಿಗೂ ಈಜು ಬರುತ್ತಿರಲಿಲ್ಲ.
ಆಮೇಲೆ ಹೆಂಗಸರು ಉಣ್ಣೆ ಹೆಣೆದು ಮಾರಿ ಸಿಮೆಂಟು ತಂದರು,
ಉಳಿದ ಗಂಡಸರು ಭಾನುವಾರ ಗುದ್ದಲಿ ಹಿಡಿದರು,
ಪಾದ್ರಿ ಪ್ರವಚನವನ್ನು ಕಾಲುಗಂಟೆಗೆ ಇಳಿಸಿದ.
ನನ್ನಜ್ಜಿ ಹೆಣೆದ ಕೈಗವಸಿಗೆ ಲೆಕ್ಕವಿಲ್ಲ;
ಆಳದ ಕಡೆಯ ಮೂರನೆಯ ಮೆಟ್ಟಿಲು
ತನ್ನದೇ ಅನ್ನುತ್ತಿದ್ದಳು, ಸಾಯುವ ತನಕ.

ನಾನು ಬೀಗದಕೈ ಕೊಡುವವಳು. ಮೂವತ್ತೊಂದು ವರ್ಷ.
ನೀರಿಗಿಳಿಯುವ ಮೊದಲು ಸೋಪು ಹಚ್ಚಿ ಮೀಯಬೇಕು, ಹುಟ್ಟುಡುಗೆಯಲ್ಲಿ.
ಮಂತ್ರಿ ಬಂದರೂ ವಿನಾಯಿತಿ ಇಲ್ಲ.
(ಬಂದಿದ್ದ ಒಬ್ಬ. ತಿಕ್ಕಿಕೊಂಡ.)
ಹೊರಗೆ ಬಿಸಿನೀರಿನ ತೊಟ್ಟಿ, ಎಂಟು ಜನರ ಜಾಗದಲ್ಲಿ ಹನ್ನೊಂದು.
ಕುತ್ತಿಗೆಯ ತನಕ ನೀರು, ಕೂದಲ ಮೇಲೆ ಹಿಮ.
ಡಾಕ್ಟರಮ್ಮ ಥೋರ್ದಿಸ್ ಪಕ್ಕದಲ್ಲಿ ಮೀನು ಸೀಳುವ ಬೊಗುಸ್ವಾವಾ,
ಪೋಲೆಂಡಿನವಳು, ನಮ್ಮ ಭಾಷೆ ಕಲಿತದ್ದು ಈ ತೊಟ್ಟಿಯಲ್ಲಿ,
ಹಾಗಾಗಿ ಬೈಗುಳ ಮೊದಲು ಬಂತು, ವ್ಯಾಕರಣ ಇನ್ನೂ ದಾರಿಯಲ್ಲಿದೆ.
ಬೇಲಿಗಾಗಿ ಕೋರ್ಟು ಹತ್ತಿದ ಅಣ್ಣತಮ್ಮ, ಸ್ಟೇನ್‌ಗ್ರಿಮುರ್ ಮತ್ತು ಔದುನ್,
ರಸ್ತೆಯಲ್ಲಿ ಮುಖ ತಿರುಗಿಸುತ್ತಾರೆ. ಇಲ್ಲಿ ಮಂಡಿಗೆ ಮಂಡಿ ತಾಗುತ್ತದೆ.
‘ಇವತ್ತು ನೀರು ಜಾಸ್ತಿ ಬಿಸಿ,’ ಅನ್ನುತ್ತಾನೆ ಒಬ್ಬ, ಆಕಾಶಕ್ಕೆ.
‘ಹ್ಞೂಂ,’ ಅನ್ನುತ್ತಾನೆ ಇನ್ನೊಬ್ಬ, ಅದೇ ಆಕಾಶಕ್ಕೆ.
ಆರು ವರ್ಷದಲ್ಲಿ ವಕೀಲರಿಂದ ಇಷ್ಟು ಆಗಿಲ್ಲ.

ಹೋದ ಚಳಿಗಾಲ ಕಚೇರಿಯಿಂದ ಒಬ್ಬ ಹುಡುಗ ಬಂದ, ಕ್ಯಾಲ್ಕುಲೇಟರು ಹಿಡಿದು.
ದಿನಕ್ಕೆ ಎಷ್ಟು ಜನ? ತಲೆಗೆ ಎಷ್ಟು ಖರ್ಚು?
ಐವತ್ತು ಕಿಲೋಮೀಟರು ಆಚೆ ಹೊಸದಿದೆ, ಜಾರುಬಂಡೆ ಬೇರೆ ಇದೆ, ಅಂದ.
ರಿಜಿಸ್ಟರು ತೆಗೆದು ಅವನ ಮುಂದೆ ಇಟ್ಟೆ.
ಹದಿನಾಲ್ಕರ ಎದುರು ದಿನವೂ ಒಂದೇ ಹೆಸರು:
ಸ್ವಾನ್‌ಹಿಲ್ದುರ್, ಬೆಳಿಗ್ಗೆ ಆರೂವರೆ.
‘ದೊಡ್ಡ ಈಜುಗಾರ್ತಿಯಾ?’

ಇಲ್ಲ ಮಾರಾಯ.
ಇಪ್ಪತ್ತೆರಡು ವರ್ಷ ಅವಳು ಈಜುಕೊಳಕ್ಕೆ ಬೆನ್ನು ಹಾಕಿ
ತೊಟ್ಟಿಯಲ್ಲಿ ಕೂತು ಎದ್ದು ಹೋದವಳು.
ಗಂಡನನ್ನು ಸಮುದ್ರ ಹಿಂತಿರುಗಿಸಲಿಲ್ಲ,
ಹೂವಿಡಲು ಗೋರಿಯಿಲ್ಲ,
ಅದಕ್ಕೆ ನೀರಿದ್ದಲ್ಲಿಗೆ ಬರುತ್ತಾಳೆ ಎಂದು ನಾವೇ ತೀರ್ಮಾನಿಸಿ
ಸುಮ್ಮನಿದ್ದೆವು. ಬೊಗುಸ್ವಾವಾ ಸುಮ್ಮನಿರಲಿಲ್ಲ.
ತಪ್ಪು ವ್ಯಾಕರಣದಲ್ಲಿ ನೇರ ಕೇಳಿಬಿಟ್ಟಳು: ನೀನು ಯಾಕೆ ಬರ್ತಾನೆ?
‘ಮನೆಯಲ್ಲೂ ಬಿಸಿನೀರಿದೆ,’ ಅಂದಳು ಸ್ವಾನ್‌ಹಿಲ್ದುರ್.
‘ತಾಗಲಿಕ್ಕೆ ಇನ್ನೊಂದು ಮಂಡಿ ಇಲ್ಲ.’

ಇದನ್ನೆಲ್ಲ ಹುಡುಗನಿಗೆ ಹೇಳಲಿಲ್ಲ.
ಹದಿನೈದನೆಯ ಬೀಗದಕೈ ಕೊಟ್ಟೆ, ಟವೆಲು ಕೊಟ್ಟೆ.
ಐವತ್ತು ನಿಮಿಷ ಕೂತಿದ್ದ, ಅಣ್ಣನಿಗೂ ತಮ್ಮನಿಗೂ ನಡುವೆ,
ಕೆಂಪಗೆ ಬೆಂದ ಸಿಗಡಿಯ ಹಾಗೆ.
ಹೋಗುವಾಗ ಕ್ಯಾಲ್ಕುಲೇಟರು ಮರೆತ.

ಈ ವಸಂತದಲ್ಲಿ ಸ್ವಾನ್‌ಹಿಲ್ದುರ್, ಎಪ್ಪತ್ತಮೂರು ವಯಸ್ಸು,
ಒಂದನೇ ಕ್ಲಾಸಿನ ಮಕ್ಕಳ ಕಿತ್ತಳೆ ತೋಳುಚೀಲ ಕೇಳಿ ಪಡೆದು
ನನ್ನಜ್ಜಿಯ ಮೆಟ್ಟಿಲಿನಿಂದ ಕೈಬಿಟ್ಟಳು.
ನಾಲ್ಕು ಮಾರು. ಕೆಮ್ಮು. ಮತ್ತೆ ನಾಲ್ಕು ಮಾರು.
ತೊಟ್ಟಿಯಲ್ಲಿದ್ದವರೆಲ್ಲ ಬೇರೆ ಕಡೆ ನೋಡುವ ನಾಟಕ ಮಾಡಿದರು.

ಕಚೇರಿಯಿಂದ ವರದಿ ಇನ್ನೂ ಬಂದಿಲ್ಲ.
ರಾತ್ರಿ ಬೀಗದಕೈ ಎಣಿಸುವಾಗ
ದಿನವೂ ಒಂದು ಕಮ್ಮಿ: ಹದಿನೈದು.
ರಬ್ಬರ್ ಪಟ್ಟಿಯಲ್ಲಿ ಮಣಿಕಟ್ಟಿಗೆ ಕಟ್ಟಿಕೊಂಡೇ
ಹೋಗಿಬಿಟ್ಟಿದ್ದಾನೆ.
ಹೊಸದು ಮಾಡಿಸಿಲ್ಲ ನಾನು. ಮೊಳೆ ಹಾಗೇ ಖಾಲಿ ಇಟ್ಟಿದ್ದೇನೆ.